ತಂಪು ಬೇಸಿಗೆಯಲ್ಲಿ ಟೊಮೆಟೊ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ಬಂದರೂ ಬಿಸಿಲು ಏರದ ವರ್ಷ ಟೊಮೆಟೊ ಬೆಳೆಸುವವರದು ಒಂದೇ ಚಿಂತೆ. ಗಿಡ ಸೊಂಪಾಗಿದೆ, ಹೂವೂ ಬಂದಿದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ತಕ್ಷಣ ಕೈ ಗೊಬ್ಬರದ ಚೀಲಕ್ಕೆ ಹೋಗುತ್ತದೆ, ಅಲ್ವಾ? ದಯವಿಟ್ಟು ತಡೆಯಿರಿ. ಗಿಡಕ್ಕೆ ಬೇಕಿರುವುದು ಗೊಬ್ಬರವಲ್ಲ, ರಾತ್ರಿ ಹೊತ್ತಿನ ಬೆಚ್ಚನೆ.

ಹೂವನ್ನು ಹತ್ತಿರದಿಂದ ನೋಡಿ. ಹಳದಿ ಎಸಳುಗಳ ನಡುವೆ ಮೂತಿ ಕೆಳಗೆ ಮಾಡಿದ ಸಣ್ಣ ಕೊಳವೆ ಇರುತ್ತದೆ. ಪರಾಗ ಅದರೊಳಗೇ ಇದೆ. ಗಾಳಿಗೋ ದುಂಬಿಯ ಅದುರಿಗೋ ಹೂ ಅಲುಗಿದರೆ ಪುಡಿ ಉದುರಿ ಕಾಯಿ ಕಚ್ಚುತ್ತದೆ. ರಾತ್ರಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಲೇ ಇದ್ದರೆ ಪರಾಗ ಸರಿಯಾಗಿ ಬಲಿಯುವುದಿಲ್ಲ. ತೊಟ್ಟಿನ ಗೆಣ್ಣು ಹಳದಿಯಾಗಿ ಹೂವು ಬಿದ್ದುಹೋಗುತ್ತದೆ. ಕಚ್ಚಿದ ಕಾಯಿಯೂ ಕೆಲವೊಮ್ಮೆ ಸೊಟ್ಟಗಾಗಿ, ತಳದಲ್ಲಿ ಒರಟು ಗೆರೆ ಬಿದ್ದಿರುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ.

ಹಾಗಾಗಿ ಸಂಜೆ ಗಿಡಕ್ಕೆ ತೆಳು ಬಟ್ಟೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಮಧ್ಯಾಹ್ನ ಹೂವು ಒಣಗಿರುವಾಗ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬುಡಕ್ಕೆ ಹುಲ್ಲು ಹರಡಲು ಆತುರ ಬೇಡ, ಅದು ಮಣ್ಣನ್ನು ಇನ್ನೂ ತಂಪಾಗಿಸುತ್ತದೆ. ಕಪ್ಪು ಪ್ಲಾಸ್ಟಿಕ್ ಹೊದಿಕೆ ಮಣ್ಣನ್ನು ಬೆಚ್ಚಗಿಡುತ್ತದೆ. ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿದೆಯೇ? ಬೇರು ತಣ್ಣಗಿದ್ದಾಗ ರಂಜಕ ಎಳೆದುಕೊಳ್ಳಲಾರದು. ಮಣ್ಣು ಬೆಚ್ಚಗಾದರೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಯೂರಿಯಾ ಸುರಿದರೆ ಬರೀ ಸೊಪ್ಪು ಜಾಸ್ತಿಯಾಗುತ್ತದೆ, ಅಷ್ಟೇ.

ನನಗೆ ನಿಜವಾಗಿ ಭಯವಿರುವುದು ಅಂಗಮಾರಿ ರೋಗದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಬರ ತಂದದ್ದು ಇದೇ ರೋಗ. ತಂಪು, ಮೋಡ, ಒದ್ದೆ ಎಲೆ, ಇವು ಮೂರೂ ಸೇರಿದರೆ ಇದು ಕೆಲವೇ ದಿನಗಳಲ್ಲಿ ಇಡೀ ಸಾಲನ್ನು ಮುಗಿಸಿಬಿಡುತ್ತದೆ. ಎಲೆಯ ಮೇಲೆ ನೀರು ನೆನೆದಂಥ ಕಂದು ಮಚ್ಚೆ, ಬೆಳಗಿನ ಹೊತ್ತು ಅದರ ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಮರುಗುತ್ತಾ ನಿಲ್ಲಬೇಡಿ, ಆ ಗಿಡವನ್ನು ಕಿತ್ತು ಸುಡಿ ಇಲ್ಲವೇ ಆಳಕ್ಕೆ ಹೂಳಿ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಉಳಿದ ಗಿಡಗಳ ಕೆಳಗಿನ ಎಲೆ ತೆಗೆದು ಗಾಳಿಯಾಡಲು ಬಿಡಿ. ನೀರು ಬೆಳಿಗ್ಗೆಯೇ ಕೊಡಿ, ಅದೂ ಬುಡಕ್ಕೆ ಮಾತ್ರ.

ಇನ್ನು ಹಣ್ಣಾಗುವ ಮಾತು. ಹೂವಿನಿಂದ ಹಣ್ಣಿಗೆ ಒಂದೂವರೆ ತಿಂಗಳಾದರೂ ಬೇಕು, ತಂಪಿನಲ್ಲಿ ಇನ್ನೂ ಜಾಸ್ತಿ. ಎತ್ತರಕ್ಕೆ ಹಬ್ಬುವ ತಳಿಯಾದರೆ ಚಳಿಗಾಲಕ್ಕೆ ತಿಂಗಳಿರುವಾಗಲೇ ತುದಿ ಚಿವುಟಿ, ತಡವಾಗಿ ಬಂದ ಹೂವನ್ನು ತೆಗೆದುಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಇರುವ ಕಾಯಿಗಳಿಗೆ ಅದರಿಂದಲೇ ಬಲ ಬರುತ್ತದೆ. ಒಂದು ಹಸಿರು ಕಾಯಿ ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿ, ಚಾಕುವಿಗೆ ಬೀಜ ಸಿಗದೆ ಜಾರಿದರೆ ಅಂಥ ಕಾಯಿ ಬಲಿತಿದೆ, ಕಿತ್ತಿಟ್ಟರೂ ಹಣ್ಣಾಗುತ್ತದೆ. ಕಿಟಕಿಯ ಬಿಸಿಲು ಬೇಕಿಲ್ಲ. ಸುಮಾರು 20 ಡಿಗ್ರಿ ಇರುವ ಕಡೆ, ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಡಿ. ಫ್ರಿಜ್‌ನಲ್ಲಿ ಮಾತ್ರ ಬೇಡ, ಅಲ್ಲಿಟ್ಟ ಹಸಿರು ಕಾಯಿ ಆಮೇಲೆ ಹೊರಗೆ ತೆಗೆದರೂ ಸರಿಯಾಗಿ ಕೆಂಪಾಗುವುದಿಲ್ಲ.