ಒಂಟೆಗೆ ಒಂದು ಮನೆ ಬೇಕು

ಕೇಳುಗರಿಗೆ ನಮಸ್ಕಾರ. ಚೆಸ್‌ನಲ್ಲಿ ಹೊಸ ಡಿಫೆನ್ಸ್ ಕಲಿಯಬೇಕು, ಯಾವ ಪುಸ್ತಕ ತಗೊಳ್ಳಲಿ ಅಂತ ತುಂಬಾ ಜನ ಕೇಳುತ್ತಾರೆ. ಬಿಳಿಯ ಮೊದಲ ನಡೆ ಇ4ಕ್ಕೆ ಕಪ್ಪು ಸಿ6 ಅಂತ ಉತ್ತರಿಸುವ ಕಾರೋ-ಕಾನ್ ಡಿಫೆನ್ಸನ್ನೇ ಇಟ್ಟುಕೊಂಡು ಮಾತಾಡೋಣ. ಹತ್ತಿರದಲ್ಲಿ ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ, ನೀವು ಕಪ್ಪು. ಇ4 ಅಂದರೆ ಇ ಅನ್ನುವ ಉದ್ದಸಾಲಿನ ನಾಲ್ಕನೆಯ ಮನೆ.

ಬಿಳಿ ಇ4, ಕಪ್ಪು ಸಿ6. ಬಿಳಿ ಡಿ4, ಕಪ್ಪು ಡಿ5. ಬಿಳಿ ಕುದುರೆ ಸಿ3ಕ್ಕೆ. ಇ4ರಲ್ಲಿ ಕಾಲಾಳು ಹೊಡೆಯಿರಿ, ಕುದುರೆ ತಿರುಗಿ ಹೊಡೆಯುತ್ತದೆ. ಈಗ ನಿಮ್ಮ ಒಂಟೆ ಎಫ್5ಕ್ಕೆ. ಕುದುರೆ ಜಿ3ಕ್ಕೆ ಬಂದು ಅದನ್ನು ಅಟ್ಟುತ್ತದೆ, ಒಂಟೆ ಜಿ6ಕ್ಕೆ. ಆರನೆಯ ನಡೆಗೆ ಬಿಳಿ ಎಚ್4 ತಳ್ಳುತ್ತದೆ. ಇದಕ್ಕೆ ರೂಢಿಯ ಉತ್ತರ ಎಚ್6.

ಯಾಕೆ? ಎಚ್6 ಬಿಟ್ಟು ಸುಮ್ನೆ ಕುದುರೆಯನ್ನು ಡಿ7ಕ್ಕೆ ಇಟ್ಟು ನೋಡಿ. ಬಿಳಿ ಎಚ್5 ಅನ್ನುತ್ತದೆ. ಒಂಟೆ ಎಲ್ಲಿಗೆ ಹೋಗುತ್ತದೆ? ಎಫ್5, ಇ4 ಎರಡರ ಮೇಲೂ ಜಿ3ರ ಕುದುರೆಯ ಕಣ್ಣಿದೆ. ಡಿ3ಗೆ ಬಂದರೆ ಬಿಳಿಯ ಒಂಟೆ ಹೊಡೆಯುತ್ತದೆ, ಸಿ2ಗೆ ಬಂದರೆ ಮಂತ್ರಿ. ಒಂಟೆ ಹೋಯಿತು! ಎಚ್6 ಆಡಿದ್ದರೆ ಎಚ್7 ಮನೆ ಖಾಲಿ ಇರುತ್ತಿತ್ತು.

ಪುಸ್ತಕ ಕೊಳ್ಳುವ ಮುಂಚೆ ಈ ಪುಟವನ್ನು ತೆಗೆದು ನೋಡಿ. ಎಚ್6 ಯಾಕೆ ಅಂತ ಎರಡು ಸಾಲು ಬರೆದಿದ್ದರೆ ಕೊಳ್ಳಿ. ಬರೀ ನಡೆಗಳು, ಪಕ್ಕದಲ್ಲಿ ಕಂಪ್ಯೂಟರ್ ಕೊಟ್ಟ ಅಂಕಿ, ಇಷ್ಟೇ ಇದ್ದರೆ ಕಲಿಯುವವರಿಗೆ ಅದು ಬೇಡ. ವಿಡಿಯೊಗೂ ಇದೇ ಪರೀಕ್ಷೆ.

ನಾನು ಮೊದಲು ಕೊಂಡದ್ದು ಅಂಥ ದಪ್ಪ ಪುಸ್ತಕವೇ. ಹದಿನೈದು ನಡೆ ಬಾಯಿಪಾಠ ಮಾಡಿಕೊಂಡು ಹೋದೆ. ಎದುರಾಳಿ ಮೂರನೆಯ ನಡೆಗೇ ಇ5 ತಳ್ಳಿದರು. ಕಲಿತದ್ದು ಒಂದೂ ಬಳಕೆಗೆ ಬರಲಿಲ್ಲ, ಆ ಸಂಕಟ ಇನ್ನೂ ನೆನಪಿದೆ. ಈ ಇ5 ಅಪರೂಪದ ನಡೆಯೇನಲ್ಲ. 1961ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಾಲ್ ಅವರು ಬೊಟ್ವಿನ್ನಿಕ್ ಎದುರು ಮತ್ತೆ ಮತ್ತೆ ಇದನ್ನೇ ಆಡಿದರು. ಹಾಗಾಗಿ ಪರಿವಿಡಿ ನೋಡುವಾಗ ಇ5ಕ್ಕೂ, ಡಿ5ರಲ್ಲಿ ಕಾಲಾಳು ಬದಲಾಯಿಸಿಕೊಳ್ಳುವ ಆಟಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದಾರಾ ಗಮನಿಸಿ. ಕ್ಲಬ್‌ನಲ್ಲಿ ನಿಮಗೆ ಜಾಸ್ತಿ ಎದುರಾಗುವುದು ಇವೇ ಅಲ್ವಾ?

ಇನ್ನೊಂದು ಮಾತು. ಪೂರ್ತಿ ಆಟಗಳಿರುವ ಪುಸ್ತಕ ಆರಿಸಿ. ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ಅವರ ಕಾರೋ-ಕಾನ್ ಆಟಗಳನ್ನು ಕೊನೆಯ ನಡೆಯವರೆಗೂ ಬೋರ್ಡ್ ಮೇಲೆ ಆಡಿ ನೋಡಿ. ಅವಸರವಿಲ್ಲದೆ, ಕಾಲಾಳುಗಳನ್ನು ಗಟ್ಟಿಯಾಗಿಟ್ಟುಕೊಂಡು ಅವರು ಕೊನೆಯಾಟಕ್ಕೆ ಹೋಗುವ ರೀತಿ ಎಷ್ಟು ಚೆಂದ! ಹನ್ನೆರಡನೆಯ ನಡೆಗೆ ನಿಲ್ಲಿಸಿ ‘ಎರಡೂ ಕಡೆ ಸಮ’ ಅಂತ ಬರೆದ ಪುಟದಲ್ಲಿ ಅದು ಕಾಣುವುದಿಲ್ಲ.

ಒಂದೇ ಪುಸ್ತಕ ಸಾಕು. ಪ್ರತಿ ಆಟ ಮುಗಿದ ಮೇಲೆ ಅದನ್ನು ತೆರೆದು, ನೀವು ಎಲ್ಲಿ ದಾರಿ ಬಿಟ್ಟಿರಿ ಅಂತ ಆ ಪುಟದಲ್ಲೇ ಪೆನ್ಸಿಲ್‌ನಿಂದ ಗುರುತು ಹಾಕಿ. ನಮಸ್ಕಾರ.