ಶುಗರ್ ನಾರ್ಮಲ್, ಸರಿ. ಇನ್ಸುಲಿನ್ ಎಷ್ಟು?

[ಪರದೆ: ಅಕ್ಕಪಕ್ಕ ಎರಡು ಲ್ಯಾಬ್ ರಿಪೋರ್ಟ್]

ನಮಸ್ಕಾರ. ಈ ಎರಡು ರಿಪೋರ್ಟ್ ನೋಡಿ, ಉದಾಹರಣೆಗೆಂದು ನಾವೇ ಮಾಡಿದ್ದು. ಇಬ್ಬರಿಗೂ ಖಾಲಿ ಹೊಟ್ಟೆಯ ಶುಗರ್ 95. ನೂರರ ಒಳಗಿದೆ, ನಾರ್ಮಲ್. ಈಗ ಕೆಳಗಿನ ಸಾಲಿಗೆ ಬನ್ನಿ. ಖಾಲಿ ಹೊಟ್ಟೆಯ ಇನ್ಸುಲಿನ್ ಒಬ್ಬರಿಗೆ 5, ಇನ್ನೊಬ್ಬರಿಗೆ 18.

ಅದೇ 95ರಲ್ಲಿ ನಿಲ್ಲಲು ಎರಡನೆಯವರಿಗೆ ಮೂರು ಪಟ್ಟಿಗಿಂತ ಜಾಸ್ತಿ ಇನ್ಸುಲಿನ್ ಬೇಕಾಗಿದೆ. ರಾತ್ರಿ ನಾವು ಮಲಗಿದ್ದಾಗಲೂ ಲಿವರ್ ರಕ್ತಕ್ಕೆ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಅದಕ್ಕೆ 'ಸಾಕು' ಅನ್ನುವುದು ಇನ್ಸುಲಿನ್. ಲಿವರ್, ಸ್ನಾಯು, ಕೊಬ್ಬು ಆ ಮಾತು ಕೇಳದಿದ್ದರೆ, ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್ ಇನ್ನಷ್ಟು ಜೋರಾಗಿ ಕೂಗಬೇಕು. ಇದೇ ಇನ್ಸುಲಿನ್ ರೆಸಿಸ್ಟೆನ್ಸ್. ಕೂಗಲು ಶಕ್ತಿ ಇರುವಷ್ಟು ದಿನ ಶುಗರ್ ಏರುವುದಿಲ್ಲ. ಅಲ್ಲೇ ನಾವು ಮೋಸ ಹೋಗುವುದು.

[ಪರದೆ: 95 × 18 ÷ 405 = 4.2]

ಇದನ್ನು ಅಳೆಯಲು 1985ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಕೊಟ್ಟ ಲೆಕ್ಕವೇ ಹೋಮಾ-ಐಆರ್. ಶುಗರ್ ಮತ್ತು ಇನ್ಸುಲಿನ್ ಗುಣಿಸಿ, 405ರಿಂದ ಭಾಗಿಸಿ. ಮೊದಲನೆಯವರಿಗೆ 1.2 ಬರುತ್ತದೆ, ಎರಡನೆಯವರಿಗೆ 4.2. ಸುಮಾರು 2.5 ದಾಟಿದರೆ ಜಾಸ್ತಿ ಅನ್ನುವುದು ರೂಢಿ. ಆದರೆ ಎಲ್ಲರೂ ಒಪ್ಪಿದ ಒಂದೇ ಗೆರೆ ಇಲ್ಲ, ಇನ್ಸುಲಿನ್ ಟೆಸ್ಟಿನ ಅಳತೆಯೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಹಾಗಾಗಿ ಈ ಲ್ಯಾಬಿನ ಅಂಕಿಯನ್ನು ಆ ಲ್ಯಾಬಿನದಕ್ಕೆ ಹೋಲಿಸಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಎಚ್‌ಬಿಎ1ಸಿ? ಅದು ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುತ್ತದೆ. 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್‌ಗೆ ಮುಂಚಿನ ಹಂತ. ಒಳ್ಳೆಯ ಟೆಸ್ಟೇ, ಆದರೆ ಅದು ಅಳೆಯುವುದೂ ಶುಗರನ್ನೇ ಅಲ್ವಾ? ಜೊತೆಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು.

[ಪರದೆ: ಲಿಪಿಡ್ ಪ್ರೊಫೈಲ್]

ನನ್ನ ಕೇಳಿದರೆ, ಇನ್ಸುಲಿನ್ ಟೆಸ್ಟಿಗೆ ಓಡುವ ಮೊದಲು ಮನೆಯಲ್ಲಿರುವ ಹಳೆಯ ಕೊಲೆಸ್ಟ್ರಾಲ್ ರಿಪೋರ್ಟ್ ತೆಗೆಯಿರಿ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150ರ ಮೇಲೆ, 'ಒಳ್ಳೆಯ ಕೊಲೆಸ್ಟ್ರಾಲ್' ಎಚ್‌ಡಿಎಲ್ ಗಂಡಸರಿಗೆ 40ರ, ಹೆಂಗಸರಿಗೆ 50ರ ಕೆಳಗೆ. ಈ ಜೋಡಿ ಕಂಡರೆ ಇನ್ಸುಲಿನ್ ರೆಸಿಸ್ಟೆನ್ಸ್ ಇದೆಯೇನೋ ಅಂತ ಅನುಮಾನ ಪಡಬೇಕು. ಆಮೇಲೆ ಟೇಪ್ ಹಿಡಿದು ಸೊಂಟ ಅಳೆಯಿರಿ. ಭಾರತೀಯರಿಗೆ ಗಡಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಇದರಲ್ಲಿ ಸೇರುತ್ತಾರೆ. ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು, ದಪ್ಪ ಚರ್ಮ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಒಂದು ಮಾತು: ಇನ್ಸುಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಈ 405ರ ಲೆಕ್ಕ ನಡೆಯುವುದಿಲ್ಲ. ಚುಚ್ಚಿದ ಇನ್ಸುಲಿನ್ ಅಂಕಿಯನ್ನೇ ಕೆಡಿಸುತ್ತದೆ.