‘ದಿ ಗುಡ್ ಡೈನೋಸಾರ್’ ನೋಡಬಹುದಾ? ಮಗುವಿನ ಪಕ್ಕ ಕೂತು ನೋಡಿ

ನಮಸ್ಕಾರ. ಇವತ್ತು ‘ದಿ ಗುಡ್ ಡೈನೋಸಾರ್’ ಬಗ್ಗೆ ಮಾತಾಡೋಣ. 2015ರ ನವೆಂಬರ್‌ನಲ್ಲಿ ಬಂದ, ಅಮೆರಿಕದ ಪಿಕ್ಸಾರ್ ಸ್ಟುಡಿಯೋದ ಅನಿಮೇಷನ್ ಸಿನಿಮಾ. ಒಂದೂವರೆ ಗಂಟೆ ಇದೆ. ಮಕ್ಕಳಿಗೆ ತೋರಿಸಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೋರಿಸಿ. ಆದರೆ ಟಿವಿ ಹಾಕಿಕೊಟ್ಟು ನೀವು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲೇ ಕೂತ್ಕೊಳ್ಳಿ.

ಡೈನೋಸಾರ್‌ಗಳ ವಂಶ ಅಳಿಸಿದ ಆಕಾಶದ ಬಂಡೆ ಭೂಮಿಗೆ ಬಡಿಯದೇ ಇದ್ದಿದ್ದರೆ? ಸಿನಿಮಾ ಶುರುವಾಗುವುದೇ ಇಲ್ಲಿಂದ. ಬಂಡೆ ಸುಮ್ನೆ ಪಕ್ಕದಲ್ಲಿ ಹಾದುಹೋಗುತ್ತದೆ. ಕೋಟ್ಯಂತರ ವರ್ಷ ಕಳೆದ ಮೇಲೆ ನೋಡಿದರೆ, ಡೈನೋಸಾರ್‌ಗಳು ಮೆಕ್ಕೆಜೋಳ ಬೆಳೆಯುವ ರೈತರಾಗಿವೆ. ಮನುಷ್ಯನ ಮರಿಗೆ ಮಾತು ಬರುವುದಿಲ್ಲ. ನಾಲ್ಕು ಕಾಲಲ್ಲಿ ಓಡುತ್ತದೆ, ಮೂಸುತ್ತದೆ, ಗುರ್ ಅನ್ನುತ್ತದೆ.

ವಿಜಯಪುರ, ಕಲಬುರಗಿ ಕಡೆಯ ಅಪ್ಪ ಅಮ್ಮಂದಿರಿಗೆ ಇಲ್ಲೊಂದು ಮಾತು. ಸುಮಾರು 6.6 ಕೋಟಿ ವರ್ಷದ ಹಿಂದೆ, ಆ ಬಂಡೆ ಬಿದ್ದ ಕಾಲದಲ್ಲೇ, ದಖ್ಖನಿನಲ್ಲಿ ಲಾವಾ ಉಕ್ಕಿ ಹರಿಯುತ್ತಿತ್ತು. ನಿಮ್ಮ ಹೊಲದ ಎರೆ ಮಣ್ಣಿನ ಕೆಳಗಿರುವ ಕರಿಕಲ್ಲು ಅದರದ್ದೇ. ಡೈನೋಸಾರ್‌ಗಳ ಸಾವಿನಲ್ಲಿ ಈ ಲಾವಾದ ಪಾಲು ಎಷ್ಟು ಅಂತ ವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಸಿನಿಮಾ ಮುಗಿದ ಮೇಲೆ ಮಕ್ಕಳಿಗೆ ಆ ಕಲ್ಲು ತೋರಿಸಿ. ಅವರ ಕಣ್ಣು ಹೇಗೆ ಅರಳುತ್ತದೆ ನೋಡಿ.

ಸರಿ, ಕಥೆಗೆ ಬರೋಣ. ಆರ್ಲೋ ಅನ್ನುವ ಡೈನೋಸಾರ್ ಮರಿ ಹುಟ್ಟಿದ್ದು ದೊಡ್ಡ ಮೊಟ್ಟೆಯಿಂದ. ಹೊರಗೆ ಬಂದವನು ಮಾತ್ರ ಪುಟಾಣಿ. ಕೋಳಿಯಂಥ ಪ್ರಾಣಿಗಳಿಗೆ ಮೇವು ಹಾಕುವುದಕ್ಕೂ ಅವನಿಗೆ ನಡುಕ. ಮನೆಯವರೆಲ್ಲ ಒಂದೊಂದು ಕೆಲಸ ಮಾಡಿ ತೋರಿಸಿ, ಕಣಜದ ಗೋಡೆಯ ಮೇಲೆ ಕೆಸರುಗಾಲಿನ ಗುರುತು ಒತ್ತಿದ್ದಾರೆ. ಇವನ ಗುರುತು ಇಲ್ಲ. ಅಪ್ಪ ಇವನಿಗೆ ಧೈರ್ಯ ಕಲಿಸಲು ಮಳೆಯಲ್ಲಿ ಹೊರಗೆ ಕರೆದುಕೊಂಡು ಹೋಗುತ್ತಾನೆ. ಹೊಳೆ ಉಕ್ಕಿ ಬರುತ್ತದೆ. ಮಗನನ್ನು ಮೇಲಕ್ಕೆ ತಳ್ಳಿ ಅಪ್ಪ ಕೊಚ್ಚಿಹೋಗುತ್ತಾನೆ.

ಈ ದೃಶ್ಯ ಬಂದಾಗ ನನ್ನ ಆರು ವರ್ಷದ ಮಗಳು ಬಂದು ತೊಡೆ ಹತ್ತಿ ಕೂತಳು. “ಅವರಪ್ಪ ವಾಪಸ್ ಬರ್ತಾರೆ ಅಲ್ವಾ?” ಅಂತ ಕೇಳಿದಳು. ಇಲ್ಲ ಕಣೇ, ಬರಲ್ಲ ಅಂದೆ. ಅವಳು ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ನನ್ನ ಬೆರಳು ಹಿಡಿದುಕೊಂಡೇ ನೋಡಿದಳು. ಪಕ್ಕದಲ್ಲೇ ಕೂತ್ಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇನ್ನೂ ಸ್ವಲ್ಪ ದಿನ ಬೇಡ. ಆಮೇಲೆ ಬರುವ ಹಾರುವ ಟೆರೋಡಾಕ್ಟೈಲ್‌ಗಳು ಕೂಡ ಚಿಕ್ಕವರನ್ನು ಹೆದರಿಸುತ್ತವೆ.

ಹೆದರಿಕೆಯ ಬಗ್ಗೆ ಈ ಸಿನಿಮಾ ಹೇಳುವ ಮಾತು ನನಗೆ ತುಂಬ ಇಷ್ಟ. ನಾವು ಮಕ್ಕಳನ್ನು ಗುಮ್ಮನ ಹೆಸರು ಹೇಳಿ ಹೆದರಿಸುತ್ತೇವೆ. ಮಾರನೇ ದಿನ “ಇಷ್ಟಕ್ಕೆಲ್ಲ ಹೆದರ್ತಾರಾ?” ಅಂತ ಗದರುತ್ತೇವೆ. ಇಲ್ಲಿ ದನ ಕಾಯುವ ಒಂದು ಟಿ-ರೆಕ್ಸ್, ಅಂದರೆ ದೈತ್ಯ ಮಾಂಸಾಹಾರಿ ಡೈನೋಸಾರ್, ಇದೆ. ಮೈತುಂಬ ಗಾಯದ ಗುರುತು. ಬೆಂಕಿ ಮುಂದೆ ಕೂತು ಮೊಸಳೆಗಳ ಜೊತೆ ಹೊಡೆದಾಡಿದ ಕಥೆ ಹೇಳುತ್ತದೆ. ನಿಮಗೆ ಹೆದರಿಕೆಯೇ ಆಗಲಿಲ್ವಾ ಅಂತ ಆರ್ಲೋ ಕೇಳಿದರೆ, ಹೆದರಲಿಲ್ಲ ಅಂತ ಯಾರು ಹೇಳಿದ್ದು ಅನ್ನುತ್ತದೆ. ಜೀವ ಇರುವವನಿಗೆ ಹೆದರಿಕೆ ಇದ್ದೇ ಇರುತ್ತದೆ, ಅದನ್ನು ಇಟ್ಟುಕೊಂಡೇ ದಾಟಬೇಕು ಅನ್ನುವುದು ಅದರ ಮಾತಿನ ಸಾರ. ಅಷ್ಟು ದೊಡ್ಡ ಪ್ರಾಣಿಯ ಬಾಯಲ್ಲಿ ಆ ಮಾತು ಕೇಳಿದರೆ ಮಗುವಿಗೆ ಎಷ್ಟು ಸಮಾಧಾನ, ಯೋಚನೆ ಮಾಡಿ.

ಕೊರತೆ ಇಲ್ಲವಾ? ಇದೆ. ಸಿನಿಮಾ ತಯಾರಾಗುತ್ತಿದ್ದಾಗಲೇ ನಿರ್ದೇಶಕರು ಬದಲಾದರು, ಬಿಡುಗಡೆ ಮುಂದಕ್ಕೆ ಹೋಯಿತು. ಪೀಟರ್ ಸೋನ್ ಬಂದು ಮುಗಿಸಿದರು. ಆ ಹೊಲಿಗೆ ನಡುವೆ ಕಾಣುತ್ತದೆ. ಆರ್ಲೋಗೆ ದಾರಿಯಲ್ಲಿ ಒಬ್ಬರು ಸಿಗುತ್ತಾರೆ, ಹೋಗುತ್ತಾರೆ, ಇನ್ನೊಬ್ಬರು ಸಿಗುತ್ತಾರೆ. ಕೊಳೆತ ಹಣ್ಣು ತಿಂದು ತಲೆ ತಿರುಗುವ ಒಂದು ದೃಶ್ಯವಂತೂ ಬೇಕಿರಲಿಲ್ಲ. ಪಿಕ್ಸಾರ್ ಲೆಕ್ಕದಲ್ಲಿ ಇದು ದುಡ್ಡು ತರದ ಸಿನಿಮಾ. ಅದೇ ವರ್ಷ ಬಂದ ಅವರದ್ದೇ ‘ಇನ್‌ಸೈಡ್ ಔಟ್’ ಎದುರು ಇದು ಮಂಕಾಯಿತು.

ಆದರೆ ಆ ಹೊಳೆ, ಆ ಗುಡ್ಡ ನೋಡಿ! ಅಮೆರಿಕದ ವಯೋಮಿಂಗ್ ಸೀಮೆಯದು. ಅಲ್ಲಿನ ಸರ್ಕಾರಿ ಭೂ ಸರ್ವೆಯ ಅಳತೆಗಳನ್ನೇ ಕಂಪ್ಯೂಟರಿಗೆ ಹಾಕಿ ಕಟ್ಟಿದ್ದಾರೆ. ಮೋಡಗಳು ಕೂಡ ಬರೀ ಬರೆದ ಪರದೆಯಲ್ಲ. ಬೆಳಕು ಒಳಗೆ ಹಾದುಬರುವ ಹಾಗೆ ಒಂದೊಂದನ್ನೂ ಕಟ್ಟಿದ್ದಾರೆ. ಇದರ ಮಧ್ಯೆ ಆರ್ಲೋ ಮಾತ್ರ ಪ್ಲಾಸ್ಟಿಕ್ ಗೊಂಬೆಯ ಹಾಗೆ ಕಾಣುತ್ತಾನೆ ಅಂತ ಕೆಲವರ ದೂರು. ನನಗೂ ಮೊದಲ ಹತ್ತು ನಿಮಿಷ ಹಾಗೇ ಅನ್ನಿಸಿತ್ತು. ಆಮೇಲೆ ಮರೆತುಹೋಯಿತು.

ಇಂಗ್ಲಿಷ್ ಬರದ ಮಕ್ಕಳು ಏನು ಮಾಡಬೇಕು ಅಂತ ಕೇಳುತ್ತೀರಿ. ಮಾತು ಅರ್ಥವಾಗದಿದ್ದರೂ ಕಥೆ ತಲುಪುತ್ತದೆ. ಸೋನ್ ಅವರ ಅಪ್ಪ ಅಮ್ಮ ಕೊರಿಯಾದಿಂದ ಅಮೆರಿಕಕ್ಕೆ ಹೋದವರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅವರ ಜೊತೆ ಸಿನಿಮಾ ನೋಡುತ್ತಾ ಬೆಳೆದ ಹುಡುಗನಿಗೆ ಮಾತಿಲ್ಲದೆ ಕಥೆ ಹೇಳುವುದರ ಬೆಲೆ ಗೊತ್ತಿತ್ತು. ಈ ಸಿನಿಮಾದ ಜೀವ ಇರುವುದೂ ಅಂಥ ಒಂದು ದೃಶ್ಯದಲ್ಲಿ.

ರಾತ್ರಿ, ಹೊಳೆಯ ದಡ. ಆರ್ಲೋ ಮರಳಿನಲ್ಲಿ ಕಡ್ಡಿಗಳನ್ನು ನೆಟ್ಟು ಸುತ್ತ ಒಂದು ಗೆರೆ ಎಳೆಯುತ್ತಾನೆ. ಇದು ನನ್ನ ಮನೆಯವರು ಅಂತ ತೋರಿಸುತ್ತಾನೆ. ಅವನ ಜೊತೆಗಿರುವ, ಸ್ಪಾಟ್ ಅನ್ನುವ ಆ ಮನುಷ್ಯನ ಮರಿಯೂ ಕಡ್ಡಿ ಆರಿಸಿ ತರುತ್ತದೆ. ನೆಡುತ್ತದೆ. ಸ್ವಲ್ಪ ಹೊತ್ತು ನೋಡುತ್ತದೆ. ಆಮೇಲೆ ತನ್ನ ಅಪ್ಪ ಅಮ್ಮ ಆಗಿದ್ದ ಎರಡು ಕಡ್ಡಿಗಳನ್ನು ನಿಧಾನವಾಗಿ ಮಲಗಿಸಿ ಮೇಲೆ ಮರಳು ಮುಚ್ಚುತ್ತದೆ.

ಅಲ್ಲಿ ಮಗಳು ನನ್ನನ್ನು ಏನೂ ಕೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು.